ಮಲ್ಪೆಗೆ ಒಂದು ಚಾಕು

ಚಾಕುವಿನ ತುದಿ ನ್ಯೂಸ್‌ಪೇಪರನ್ನೂ ಬಟ್ಟೆಚೀಲವನ್ನೂ ತೂರಿಕೊಂಡು ಹೊರಗೆ ಬಂದಿದೆ ಎಂಬುದು ದೊರೆಸ್ವಾಮಿ ಮೇಷ್ಟರಿಗೆ ತಿಳಿದದ್ದು ಬಸ್ಸು ಮಿನರ್ವ ಸರ್ಕಲ್ಲು ದಾಟಿದ ಮೇಲೆ, ಅದೂ ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು "ಏನ್ರೀ ಅದು, ಸೊಂಟಕ್ಕೆ ಚುಚ್ತಾ ಇದೆ" ಎಂದಾಗ. "ಛತ್ರಿ ಕಣಮ್ಮ" ಎಂದುಬಿಟ್ಟರು. ಆಕೆ ಒಮ್ಮೆ ಚೀಲವನ್ನೂ ಒಮ್ಮೆ ಕಿಟಕಿಯಾಚೆಯ ಬಿಸಿಲನ್ನೂ ನೋಡಿ ಇನ್ನೊಂದು ಕಂಬಿ ಹಿಡಿದುಕೊಂಡಳು. ಮೇಷ್ಟರು ಚೀಲವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಈಗ ಬಸ್ಸು ಕುಲುಕಿದಾಗಲೆಲ್ಲ ತುದಿ ಅವರದೇ ತೊಡೆಗೆ ತಾಗುತ್ತಿತ್ತು, ಅದೇ ಸರಿ ಅನ್ನಿಸಿತು. ಮಕ್ಕಳಿಗೆ ರೇಖಾಗಣಿತ ಹೇಳಿಕೊಟ್ಟು ತಲೆ ನರೆತವರು, ಸುಳ್ಳು ಹೇಳುವ ಅಭ್ಯಾಸವಿಲ್ಲದವರು. ಈ ಚಾಕು ಕೈಗೆ ಬಂದದ್ದೇ ತಡ, ನಾಲಗೆ ತಾನಾಗಿ ಸುಳ್ಳಿನ ಕಡೆಗೇ ಹೊರಳುತ್ತಿದೆ. ಉಪ್ಪಾರಪೇಟೆಯಲ್ಲಿ ಪೊಲೀಸಿನವನು ತಡೆದು ಚೀಲದಲ್ಲೇನು ಎಂದರೆ? ಯಾರಿಗೆ ಈ ಚಾಕು ಎಂದರೆ? ಅಳಿಯನಿಗೆ ಎನ್ನಬೇಕು. ನಾಲ್ಕು ಜನರ ಎದುರಿಗೆ ಆ ಮಾತನ್ನು ಅವರು ಇದುವರೆಗೆ ಆಡಿರಲಿಲ್ಲ. ನಿಜವಾದ ಉತ್ತರವೇ ಹೇಳಲು ಕಷ್ಟವಾಗಿರುವ ಮನುಷ್ಯನನ್ನು ಪೊಲೀಸಿನವನು ಸುಮ್ಮನೆ ಬಿಡುತ್ತಾನೆಯೇ ಎಂದು ಬಸ್ಸು ಟೌನ್‌ಹಾಲ್ ದಾಟುವವರೆಗೂ ಯೋಚಿಸಿದರು.

ಮಧುರಾ ಫೋನ್ ಮಾಡಿದ್ದು ಮಂಗಳವಾರ. ಬ್ಯಾಂಕಿನ ಕೆಲಸಕ್ಕೆಂದು ಉಡುಪಿಗೆ ಹೋದ ಮಗಳು ಅಲ್ಲೇ ಮಲ್ಪೆಯ ಬೋಟಿನವನೊಬ್ಬನನ್ನು ರಿಜಿಸ್ಟರ್ ಮದುವೆಯಾದಾಗ ಮೇಷ್ಟರು ಬೇಡವೆನ್ನಲಿಲ್ಲ, ಹೋಗಲೂ ಇಲ್ಲ. ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವ ಕೆಲಸವಿದೆ ಎಂದರು, ಆ ಕೆಲಸ ನಿಜವಾಗಿಯೂ ಇತ್ತು. ಹೆಂಡತಿ ಸುಂದರಮ್ಮ ಒಬ್ಬರೇ ಬಸ್ಸಿನಲ್ಲಿ ಹೋಗಿ ಬಂದರು. ಆಮೇಲೆ ಫೋನಿನಲ್ಲಿ ಮಗಳು ಆರೋಗ್ಯ ಕೇಳುತ್ತಿದ್ದಳು, ಇವರು ಮಳೆ ಹೇಗಿದೆ ಎನ್ನುತ್ತಿದ್ದರು. ಏನನ್ನೂ ಕೊಡಿ ಎಂದು ಅವಳು ಕೇಳಿದ್ದೇ ಇಲ್ಲ. ಅಂಥವಳು ಮಂಗಳವಾರ, "ಅಪ್ಪಾ, ಶನಿವಾರ ಶಶಿ ಬೆಂಗಳೂರಿಗೆ ಬರ್ತಿದಾರೆ, ಇಂಜಿನ್ ಪಾರ್ಟ್ ತಗೊಳ್ಳೋದಿದೆ. ಉಪ್ಪಾರಪೇಟೇಲಿ ಲಾಡ್ಜಲ್ಲಿ ಇರ್ತಾರೆ. ಅವರಿಗೊಂದು ಒಳ್ಳೇ ಚಾಕು ಬೇಕು. ಇಲ್ಲಿರೋದು ಉಪ್ಪುನೀರಿಗೆ ತುಕ್ಕು ಹಿಡಿದುಹೋಗತ್ತೆ. ನೀವು ಜತೇಲಿ ಹೋಗಿ ಕೊಡಿಸ್ತೀರಾ?" ಎಂದಳು. ಅದಾದ ಮೇಲೂ ಅವಳು ಚಾಕುವಿನ ವಿಷಯ ಏನೇನೋ ಹೇಳಿದಳು, ಸಾಕಷ್ಟು ಹೊತ್ತೇ ಹೇಳಿದಳು. ಮೇಷ್ಟರ ಕಿವಿ ಚಾಕು ಎಂಬಲ್ಲಿಗೇ ನಿಂತಿತ್ತು. ಒದ್ದೆ ಕಲ್ಲು, ಮೀನಿನ ಹುರುಪೆ, ರಕ್ತ, ನೊಣ ಎಲ್ಲವೂ ಕಣ್ಣ ಮುಂದೆ ಬಂದವು, ಅದನ್ನೆಲ್ಲ ಅವರು ಬಸ್ಸಿನ ಕಿಟಕಿಯಿಂದ ಕಂಡದ್ದು ಬಿಟ್ಟರೆ ಹತ್ತಿರದಿಂದ ನೋಡಿದವರೇ ಅಲ್ಲ. ಆದರೂ ಮಗಳು ಕೇಳಿದ್ದಾಳೆ, ಇಲ್ಲವೆಂದರೆ ಇನ್ನು ಕೇಳಲಾರಳು ಎಂಬುದು ಅವರಿಗೆ ಚೆನ್ನಾಗಿ ಗೊತ್ತಾಯಿತು. "ನಾನೇ ತಂದಿಡ್ತೀನಿ ಬಿಡು. ಶನಿವಾರ ಕಬ್ಬಿಣ ತರಬಾರದು, ಶುಕ್ರವಾರಾನೇ ತರ್ತೀನಿ" ಎಂದರು. "ಇಬ್ರೂ ಹೋಗಿದ್ರೆ ಚೆನ್ನಾಗಿತ್ತು" ಎಂದಳು. ಸ್ಕೂಟರಿಗೆ ಹೊಸ ಕೇಬಲ್ಲನ್ನೂ ಮನೆಗೆ ಮೊಳೆಯನ್ನೂ ಹಿಂದೆ ಶನಿವಾರವೇ ತಂದಿದ್ದ ಮೇಷ್ಟರು ಅವತ್ತು ಶನಿದೇವರನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅಳಿಯನ ಜೊತೆ ಬೀದಿಯಲ್ಲಿ ನಡೆಯುವುದು ತಪ್ಪಿತಲ್ಲ ಎಂದು ಸಮಾಧಾನವಾಗಿತ್ತು, ಆ ಸಮಾಧಾನಕ್ಕೆ ನಾಚಿಕೆಯೂ ಆಗಿತ್ತು.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಚಿಕ್ಕಪೇಟೆಯ ಓಣಿಯೊಂದರಲ್ಲಿದ್ದ ಶಿವರುದ್ರಪ್ಪನ ಕತ್ತರಿ-ಚಾಕು ಅಂಗಡಿಗೆ ಹೋದರು. ಗಾಂಧಿಬಜಾರಿನಲ್ಲೂ ಚಾಕು ಸಿಗುತ್ತಿತ್ತು, ಆದರೆ ಅಲ್ಲಿ ಎಲ್ಲರೂ ಗುರುತಿನವರು. ಇಷ್ಟು ದೂರ ಬಂದರೂ ಅವರ ಬೀದಿಯ ಕಲ್ಯಾಣಮ್ಮ ಕತ್ತರಿಗೆ ಸಾಣೆ ಹಿಡಿಸಲು ಬಂದು ಸ್ಟೂಲಿನ ಮೇಲೆ ಕೂತಿದ್ದರು. ಇದ್ದಿದ್ದರಲ್ಲಿ ಒಳ್ಳೆಯ ನಗೆ ನಕ್ಕು ಮೇಷ್ಟರು, "ಉಪ್ಪುನೀರಿಗೆ ತಡೆಯೋ ಚಾಕು ಇದೆಯೇನಪ್ಪ?" ಎಂದರು. "ಯಾತಕ್ಕೆ ಸಾರ್?" ಎಂದ ಶಿವರುದ್ರಪ್ಪ. "ಉಪ್ಪಿನಕಾಯಿಗೆ." ಕಲ್ಯಾಣಮ್ಮ ತಕ್ಷಣ, "ಅದಕ್ಯಾಕೆ ಮೇಷ್ಟ್ರೇ ಚಾಕು, ಈಳಿಗೆಮಣೆ ಇಲ್ವಾ? ಸುಂದರಮ್ಮ ಈ ವರ್ಷ ಮಿಡಿ ಹಾಕಲ್ಲ ಅಂದಿದ್ರಲ್ಲ" ಎಂದರು. ಮೇಷ್ಟರು ಗಾಜಿನ ಬೀರುವನ್ನು ನೋಡುತ್ತ ನಿಂತರು. ಶಿವರುದ್ರಪ್ಪ ಕಪ್ಪು ಅಲಗಿನದೊಂದು, ಹೊಳೆಯುವುದೊಂದು ತೆಗೆದಿಟ್ಟು ಮಾತಿಗೆ ಶುರುಮಾಡಿದ. ಇದು ಪಕ್ಕಾ ಉಕ್ಕು ಸಾರ್, ಹದ ಚೆನ್ನಾಗಿ ನಿಲ್ಲತ್ತೆ, ಆದ್ರೆ ಉಪ್ಪು ಕಂಡ್ರೆ ಒಂದೇ ದಿನಕ್ಕೆ ಕೆಂಪಗಾಗತ್ತೆ. ಇದು ಸ್ಟೇನ್‌ಲೆಸ್ಸು, ಬೇಗ ಮೊಂಡಾಗತ್ತೆ, ತುಕ್ಕು ಕಮ್ಮಿ. ತುಕ್ಕೇ ಹಿಡಿಯಲ್ಲ ಅಂತ ನಾನು ಹೇಳಲ್ಲ, ಹೇಳಿದವರನ್ನ ನಂಬಬೇಡಿ. ಮರದ ಹಿಡಿ ಬೇಡ, ಒಳಗೆ ಉಪ್ಪು ಕೂತ್ಕೊಂಡು ಉಬ್ಬತ್ತೆ. ಕೆಲಸ ಆದ ತಕ್ಷಣ ನಲ್ಲಿ ನೀರಲ್ಲಿ ತೊಳೆದು ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ. ಹೀಗೆ ಪಾಠ ಒಪ್ಪಿಸುವಂತೆ ಅವನು ಹೇಳುತ್ತಿದ್ದುದನ್ನು ಕೇಳುವ ಬದಲು ಮೇಷ್ಟರು ಕಲ್ಯಾಣಮ್ಮನ ಕತ್ತರಿ ಯಾವಾಗ ಮುಗಿಯುತ್ತದೆ ಎಂದು ಕಾಯುತ್ತಿದ್ದರು. ಆಕೆ ಹೊರಟು, ತಿರುವಿನಲ್ಲಿ ಮರೆಯಾದ ಮೇಲೆ ಕೌಂಟರಿನ ಮೇಲೆ ಬಾಗಿ, "ಮೀನಿಗೆ" ಎಂದರು. "ಮೀನಿಗಾ?" ಶಿವರುದ್ರಪ್ಪನ ದನಿ ಓಣಿಯ ಆ ಬದಿಗೂ ಕೇಳುವಷ್ಟಿತ್ತು. "ಮೊದಲೇ ಹೇಳಬಾರದಾ ಸಾರ್. ಅದರದೇ ಬೇರೆ." ಒಳಗಿನಿಂದ ಉದ್ದನೆಯ, ತೆಳ್ಳನೆಯ, ಬಳುಕುವ ಅಲಗಿನ ಚಾಕು ತಂದ. ಮೂಳೆಯ ಪಕ್ಕದಲ್ಲೇ ಜಾರಿಕೊಂಡು ಹೋಗುತ್ತದೆ ಎಂದು ಗಾಳಿಯಲ್ಲಿ ಎಳೆದು ತೋರಿಸಿದ. ಮೇಷ್ಟರು ಮನಸ್ಸು ಗಟ್ಟಿಮಾಡಿಕೊಂಡು ಅಲಗನ್ನು ಬೆರಳಿನಿಂದ ಮುಟ್ಟಿ, ಎಲ್ಲಕ್ಕಿಂತ ಒಳ್ಳೆಯದು ಇದೇ ತಾನೆ ಎಂದು ಕೇಳಿ, ತೆಗೆದುಕೊಂಡರು.

ಬರುವಾಗ ಅವರಿಗೆ ತಮ್ಮ ಮೇಲೆ ಬಹಳ ಅಭಿಮಾನ ಬಂದಿತ್ತು. ಮೀನಿಗೆ ಎಂದು ಬಾಯಿಬಿಟ್ಟು ಹೇಳಿದೆನಲ್ಲ, ಅಲಗು ಮುಟ್ಟಿದೆನಲ್ಲ, ನಮ್ಮವರಲ್ಲಿ ಇಷ್ಟು ಯಾರು ಮಾಡುತ್ತಾರೆ? ಮಗಳ ಮದುವೆಗೆ ಹೋಗದಿದ್ದುದರ ಲೆಕ್ಕ ಒಂದು ಚಾಕುವಿನಲ್ಲಿ ಚುಕ್ತಾ ಆದಂತೆ ಎದೆ ಹಗುರವಾಗಿತ್ತು. ತ್ಯಾಗರಾಜನಗರದ ಮನೆಯ ಬಾಗಿಲಲ್ಲಿ ಮಾತ್ರ ಆ ಅಭಿಮಾನ ಚಪ್ಪಲಿಯ ಜೊತೆಗೇ ಉಳಿಯಿತು. ಚಾಕುವನ್ನು ಅಡುಗೆಮನೆಗೆ ಒಯ್ಯುವಂತಿಲ್ಲ, ದೇವರಮನೆಯ ಪಕ್ಕದ ಬೀರುವಿನಲ್ಲಿ ಇಡುವಂತಿಲ್ಲ. ಹಾಗೆಂದು ಯಾರೂ ಹೇಳಲಿಲ್ಲ, ಅವರೇ ನಿಂತು ಯೋಚಿಸಿ ಚಪ್ಪಲಿ ಗೂಡಿನ ಮೇಲಿಟ್ಟರು. ಸುಂದರಮ್ಮ ನೋಡಿದರು. "ಅಲ್ಲೇ ಯಾಕಿಟ್ರಿ? ಇನ್ನೂ ಹೊಸದು, ಯಾವ ಮೀನೂ ಮುಟ್ಟಿಲ್ಲವಲ್ಲ" ಎಂದರು. ಮೇಷ್ಟರು ಕಾಲು ತೊಳೆಯಲು ಹೋದರು. ಊಟಕ್ಕೆ ಬಡಿಸುವಾಗ ಸುಂದರಮ್ಮ ಮತ್ತೆ ಎತ್ತಿದರು. "ನಾಳೆ ಊಟಕ್ಕೆ ಕರ್ಕೊಂಡ್ ಬನ್ನಿ." "ನೋಡೋಣ. ಅವರಿಗೂ ಕೆಲಸ ಇರತ್ತೆ." "ಚಾಕು ಕೊಡಿಸೋಕ್ ಆಗತ್ತೆ, ಒಂದು ತುತ್ತು ಅನ್ನಕ್ಕೆ ಕರೆಯೋಕ್ ಆಗಲ್ವಾ? ಲಾಡ್ಜಲ್ಲಿ ಕೊಟ್ಟು ವಾಪಸ್ ಬರೋದಾದ್ರೆ ಕೊರಿಯರಲ್ಲಿ ಕಳಿಸಬಹುದಿತ್ತಲ್ಲ." ಸುಂದರಮ್ಮ ಹೀಗೆ ಮಾತಾಡುವುದು ಅಪರೂಪ. ಮೇಷ್ಟರು ಮಜ್ಜಿಗೆ ಹಾಕಿಸಿಕೊಂಡು, ಹುಳಿ ಸ್ವಲ್ಪ ಖಾರವಾಗಿದೆ ಎಂದರು.

ಶನಿವಾರ ಬಸ್ಸಿಳಿದು ಹುಡುಕಿಕೊಂಡು ಹೋದ ಲಾಡ್ಜಿನ ರೂಮಿನಲ್ಲಿ ಒಂದು ಕುರ್ಚಿ, ಒಂದು ಮಂಚ. ಶಶಿಕುಮಾರ್ ಬಾಗಿಲು ತೆಗೆದು ಬಗ್ಗಿ ಕಾಲು ಮುಟ್ಟಲು ಬಂದಾಗ ಮೇಷ್ಟರು, "ಇರಲಿ ಇರಲಿ" ಎಂದು ಒಂದು ಹೆಜ್ಜೆ ಹಿಂದೆ ಸರಿದರು, ಸರಿದದ್ದು ಅವನಿಗೆ ಕಂಡಿತೆಂದು ಅವರಿಗೂ ಗೊತ್ತಾಯಿತು. ಫೋಟೋದಲ್ಲಿ ಕಂಡದ್ದಕ್ಕಿಂತ ತೆಳ್ಳಗಿದ್ದ, ಸಮುದ್ರದ ಬಿಸಿಲಿಗೆ ಕಣ್ಣುಗಳು ಕಿರಿದಾಗಿದ್ದವು. ರೂಮಿನಲ್ಲಿ ಸೋಪಿನ ವಾಸನೆ ಇತ್ತು. ಬೇರೆ ಯಾವ ವಾಸನೆಯನ್ನು ತಾವು ಹುಡುಕುತ್ತಿದ್ದೇವೆ ಎಂಬುದು ಹೊಳೆದು ಮೇಷ್ಟರು ತಮ್ಮನ್ನೇ ಬೈದುಕೊಂಡರು. ಮಾತು ಮುಂದೆ ಸಾಗಲಿಲ್ಲ. ಪ್ರಯಾಣ ಹೇಗಿತ್ತು, ಘಾಟಿಯಲ್ಲಿ ರಸ್ತೆ ಹೇಗಿದೆ, ಮಧುರಾ ಚೆನ್ನಾಗಿದ್ದಾಳಾ. ಎಲ್ಲಕ್ಕೂ ಅವನು ಚೆನ್ನಾಗಿದೆ ಎಂದ. ಆಗ ಮೇಷ್ಟರು ಚೀಲದಿಂದ ಪೊಟ್ಟಣ ತೆಗೆದು ಮಂಚದ ಮೇಲಿಟ್ಟು, "ತಗೊಳ್ಳಿ, ಇರೋದ್ರಲ್ಲಿ ಒಳ್ಳೇದೇ ತಂದಿದೀನಿ" ಎಂದರು. ಶಶಿಕುಮಾರ್ ಕಾಗದ ಬಿಚ್ಚಿದ. ಅಲಗನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ, ಅದು ಬಳುಕಿತು. "ಒಳ್ಳೇ ಚಾಕು ಮಾವ" ಎಂದು ಮತ್ತೆ ಕಾಗದದ ಮೇಲೆ ಇಟ್ಟ. ಇಟ್ಟ ರೀತಿಯಲ್ಲೇ ಏನೋ ತಪ್ಪಾಗಿದೆ ಎಂದು ಮೇಷ್ಟರಿಗೆ ತಿಳಿಯಿತು. ತಪ್ಪು ಲೆಕ್ಕ ಮಾಡಿ ತಂದ ಹುಡುಗನನ್ನು ನೋಯಿಸಬಾರದೆಂದು ತಾವು ಪೇಪರನ್ನು ಕೆಳಗಿಡುತ್ತಿದ್ದುದು ಹೀಗೆಯೇ.

"ಸರಿಯಿಲ್ವಾ?" ಎಂದರು.

"ಹಾಗಲ್ಲ ಮಾವ. ಇದು ಮೀನಿಗೆ. ಬೋಟಿನ ಕೆಲಸಕ್ಕೆ ಇದು ಆಗೂದಿಲ್ಲ." ಅವನು ತನ್ನ ಬ್ಯಾಗಿನಿಂದ ಚರ್ಮದ ಒರೆಯೊಂದನ್ನು ತೆಗೆದು ಕೊಟ್ಟ. "ಎಳೆದು ನೋಡಿ." ಮೇಷ್ಟರು ಹಿಡಿ ಹಿಡಿದು ಎಳೆದರು. ಚಾಕು ಬರಲಿಲ್ಲ. ಇನ್ನೂ ಬಲವಾಗಿ ಎಳೆದರು. ಒರೆಯ ಬಾಯಿಂದ ಕೆಂಪು ಪುಡಿ ಉದುರಿ ಬಿಳಿಯ ಪಂಚೆಯ ಮೇಲೆ ಬಿತ್ತು. "ಚರ್ಮದಲ್ಲಿ ಉಪ್ಪು ಕೂತು ಒಳಗೇ ತುಕ್ಕು ಹಿಡಿದಿದೆ. ಹೋದ ವಾರ ಬೋಟಿನ ಫ್ಯಾನಿಗೆ ಬಲೆ ಸುತ್ತಿಕೊಳ್ತು. ಅಡಿಯಲ್ಲಿ ನೀರೊಳಗೆ ತಿರುಗ್ತದಲ್ಲ, ಆ ಫ್ಯಾನು. ಇಂಜಿನ್ ನಿಲ್ಲಿಸಿ ನಾನು ಕೆಳಗೆ ಇಳಿದೆ. ಹಗ್ಗ ಕಾಲಿಗೂ ಸುತ್ತಿತು. ಚಾಕು ಎಳೆದ್ರೆ ಬರೂದೇ ಇಲ್ಲ." ಅವನು ನಕ್ಕ. ನಗುವ ಮಾತೇನೂ ಅಲ್ಲವೆಂದು ಅವನಿಗೂ ಗೊತ್ತಿದ್ದಂತಿತ್ತು. "ಮೇಲಿನಿಂದ ಇನ್ನೊಬ್ಬ ಇಳಿದು ಬಿಡಿಸಿದ. ಅವತ್ತಿನಿಂದ ಮಧುರಾ ನನ್ನನ್ನು ಸಮುದ್ರಕ್ಕೆ ಕಳಿಸ್ಲಿಕ್ಕೆ ಹೆದರ್ತಾಳೆ. ನಿಮಗೆ ಫೋನಲ್ಲಿ ಎಲ್ಲ ಹೇಳಿದ್ದೇನೆ ಅಂದ್ಳಲ್ಲ?"

ಹೇಳಿದ್ದಳು. ಅಷ್ಟು ಹೊತ್ತು ಅವಳು ಹೇಳಿದ್ದು ಇದನ್ನೇ. ಗಂಡ ನೀರಿನಡಿಯಿಂದ ಮೇಲೆ ಬರದೆ ಉಳಿಯಬಹುದಿತ್ತು ಎಂದು ಮಗಳು ಹೇಳುತ್ತಿದ್ದಾಗ ಅಪ್ಪ ಹುರುಪೆಯನ್ನೂ ನೊಣವನ್ನೂ ಕಾಣುತ್ತ ಹೂಂ ಹೂಂ ಎಂದಿದ್ದರು. ಸಮುದ್ರದ ಕಡೆಯವನು ಚಾಕು ಕೇಳಿದರೆ ಮೀನಿಗಲ್ಲದೆ ಇನ್ನೇತಕ್ಕೆ ಎಂದು ಅವರಾಗಲಿ, ಅವರ ಬೀದಿಯ ಇನ್ಯಾರೇ ಆಗಲಿ ಕೇಳುವವರಲ್ಲ. ಬೈಯುವಾಗ ಮಾತ್ರವಲ್ಲ, ದೊಡ್ಡ ಮನಸ್ಸು ಮಾಡಿದಾಗಲೂ ತಾವು ಈ ಹುಡುಗನನ್ನು ಕಂಡದ್ದು ಮೀನಾಗಿಯೇ. ನಿನ್ನೆಯ ಅಭಿಮಾನವೆಲ್ಲ ನೆನಪಾಗಿ ಮೇಷ್ಟರಿಗೆ ಎದ್ದು ಹೋಗಿಬಿಡಬೇಕು ಅನ್ನಿಸಿತು. ಪಂಚೆಯ ಮೇಲಿನ ಕೆಂಪು ಪುಡಿಯನ್ನು ಒರೆಸಲು ಹೋದರು, ಅದು ಇನ್ನಷ್ಟು ಹರಡಿತು. ಶಶಿಕುಮಾರ್, "ತೊಂದರೆ ಇಲ್ಲ ಮಾವ, ನಾನು ಊರಲ್ಲೇ ಏನಾದ್ರೂ ನೋಡ್ತೇನೆ" ಎಂದ. ಆ ಮರ್ಯಾದೆಯ ಮಾತು ಇನ್ನೂ ಕೆಟ್ಟದಾಗಿ ನಾಟಿತು. "ಏನೂ ಬೇಡ. ಏಳಿ, ಹೋಗೋಣ" ಎಂದರು. ಅವನು ಅನುಮಾನಿಸಿದ. "ಇವತ್ತು ಶನಿವಾರ ಅಲ್ವಾ ಮಾವ? ಕಬ್ಬಿಣ ತರಬಾರದು ಅಂತ ಮಧುರಾ ಹೇಳಿದ್ಳು." ಮೇಷ್ಟರು ಮೀನಿನ ಚಾಕುವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು, "ನಡೀರಿ" ಎಂದರು.

ಉಪ್ಪಾರಪೇಟೆಯಿಂದ ಚಿಕ್ಕಪೇಟೆಗೆ ಇಬ್ಬರೂ ನಡೆದೇ ಹೋದರು. ಪಕ್ಕಪಕ್ಕದಲ್ಲಿ ನಡೆಯುವಷ್ಟು ಜಾಗ ಎಲ್ಲೂ ಇರಲಿಲ್ಲ. ಗಾಡಿಯವರು, ಕೂಲಿಗಳು, ಸೀರೆಯಂಗಡಿಯ ಮುಂದೆ ನಿಂತ ಕುಟುಂಬಗಳ ನಡುವೆ ಒಮ್ಮೆ ಅವನು ಮುಂದೆ, ಒಮ್ಮೆ ಇವರು ಮುಂದೆ. ಗುರುತಿನವರು ಕಂಡರೆ ಏನೆಂದು ಪರಿಚಯ ಮಾಡಿಸುವುದು ಎಂಬ ಹಳೆಯ ಭಯ ಇನ್ನೂ ಇತ್ತು, ಇಲ್ಲವೆಂದರೆ ಸುಳ್ಳಾದೀತು. ಆದರೆ ಅದರ ಜೊತೆಗೆ ಇನ್ನೊಂದು ಸೇರಿಕೊಂಡಿತ್ತು. ಮುಂದೆ ಹೋಗುತ್ತಿದ್ದ ಅವನ ಬಲಗಾಲು ಸ್ವಲ್ಪ ಎಳೆಯುತ್ತಿತ್ತು, ಹಿಮ್ಮಡಿಯ ಮೇಲ್ಗಡೆ ಹಗ್ಗ ಕೊರೆದ ಗುರುತು ಇನ್ನೂ ಮಾಗಿರಲಿಲ್ಲ. ಮೇಷ್ಟರು ಅದನ್ನೇ ನೋಡುತ್ತ ನಡೆದರು. ಮಗಳು ಹೆದರಿದ್ದು ಈ ಕಾಲಿಗಾಗಿ. ಅಂಗಡಿಯಲ್ಲಿ ಶಿವರುದ್ರಪ್ಪ, "ಏನ್ ಸಾರ್, ಮತ್ತೆ ಉಪ್ಪಿನಕಾಯಾ?" ಎಂದು ನಕ್ಕ. ಶಶಿಕುಮಾರ್ ತನಗೆ ಬೇಕಾದ್ದನ್ನು ಹೇಳಿದ. ಅಲಗು ಗಿಡ್ಡಗಿರಬೇಕು, ದಪ್ಪ ಇರಬೇಕು. ತುದಿ ಚೂಪು ಬೇಡ, ನೀರಲ್ಲಿ ಅಲೆ ತಳ್ಳಿದ್ರೆ ಹೊಟ್ಟೆಗೇ ಚುಚ್ಚಿಕೊಳ್ತದೆ. ಅರ್ಧಕ್ಕೆ ಗರಗಸದ ಹಲ್ಲು ಬೇಕು, ಒದ್ದೆ ಹಗ್ಗಕ್ಕೆ ಬರೇ ಹದ ಸಾಲದು. ಹಿಡಿಯಲ್ಲಿ ದಾರ ಕಟ್ಟಲಿಕ್ಕೆ ತೂತು. ಒರೆ ಪ್ಲಾಸ್ಟಿಕ್ಕಿನದು, ಅಡಿಯಲ್ಲಿ ನೀರು ಇಳಿದುಹೋಗುವ ಹಾಗೆ. ಶಿವರುದ್ರಪ್ಪ ಅಟ್ಟದಿಂದ ಡಬ್ಬಗಳನ್ನು ಇಳಿಸಿದ. ಎರಡು ಆಗಲಿಲ್ಲ. ಇನ್ನೊಂದರ ಒರೆಯಿಂದ ಚಾಕುವನ್ನು ಒಂದೇ ಕೈಯಲ್ಲಿ ಎಳೆಯಲು ಬರುತ್ತದೋ ಎಂದು ಶಶಿಕುಮಾರ್ ಕಣ್ಣು ಮುಚ್ಚಿ ಎಳೆದು ನೋಡಿದ. "ಇನ್ನೊಂದ್ಸಲ ನೋಡಿ" ಎಂದರು ಮೇಷ್ಟರು. ಮತ್ತೆ ಎಳೆದ. "ಎಡಗೈಯಲ್ಲಿ?" ಎಡಗೈಯಲ್ಲೂ ಬಂತು. ಆಮೇಲೆ ಅವರೇ ಈಸಿಕೊಂಡು, ತಾವೂ ಕಣ್ಣು ಮುಚ್ಚಿ, ಎಳೆದು ನೋಡಿದರು. ಚಿಕ್ಕಪೇಟೆಯ ಗಲಾಟೆಯ ನಡುವೆ ಕ್ಷಣಹೊತ್ತು ಉಸಿರು ಕಟ್ಟಿ ನಿಂತಿದ್ದರು. ಚಾಕು ಸಲೀಸಾಗಿ ಕೈಗೆ ಬಂತು.

"ನಿನ್ನೆ ಕೊಟ್ಟಿದ್ದನ್ನ ವಾಪಸ್ ತಗೋಪ್ಪ" ಎಂದು ಮೇಷ್ಟರು ಮೀನಿನ ಚಾಕುವನ್ನು ಕೌಂಟರಿನ ಮೇಲಿಟ್ಟರು. ಶಶಿಕುಮಾರ್ ಅದನ್ನು ತಡೆದ. "ಬೇಡ ಮಾವ, ಇರಲಿ. ಮಧುರಾಗೆ ಆಗ್ತದೆ" ಎಂದವನು, ಆಡಬಾರದ್ದು ಆಡಿದೆನೇನೋ ಎಂಬಂತೆ ಅದನ್ನು ಬೇಗ ಕಾಗದದಲ್ಲಿ ಸುತ್ತಿಕೊಂಡು ಹೊರಗಿಳಿದ. ಮೇಷ್ಟರು ಹಿಂದೆಯೇ ಬಂದರು. ಊಟದ ಹೊತ್ತಾಗಿದೆ, ಸುಂದರಮ್ಮ ಕಾಯುತ್ತಿರುತ್ತಾಳೆ, ಮನೆಗೆ ಹೋಗೋಣ ಎಂದು ಹೇಳಬೇಕೆಂದಿದ್ದರು, ಅದನ್ನು ಹೇಳಿಯೂ ಬಿಟ್ಟರು. ಅವನು ಆಗಲಿ ಎಂದ. ಇಬ್ಬರೂ ಬಸ್‌ಸ್ಟಾಪಿನ ಕಡೆ ತಿರುಗಿದರು. ಸ್ವಲ್ಪ ದೂರ ಹೋದ ಮೇಲೆ ಮೇಷ್ಟರು ಕೇಳಿದರು, "ಮಧುರಾಗೆ ಯಾತಕ್ಕೆ?"

ಶಶಿಕುಮಾರ್ ಒಂದು ಆಟೋ ಹಾದುಹೋಗಲು ಬಿಟ್ಟ. "ಮನೆಯಲ್ಲಿ ಮೀನು ಹೆಚ್ಚುವುದು ಅವಳೇ. ಅಮ್ಮನಿಗೆ ಬಲಗೈ ಸ್ವಾಧೀನ ಇಲ್ಲ ಈಗ."

"ತಿಂತಾಳಾ?" ಬಾಯಿಗೆ ಮೊದಲು ಬಂದದ್ದು ಅದೇ. ಬಂದ ಮೇಲೆ ಮೇಷ್ಟರಿಗೆ ತಮ್ಮ ನಾಲಗೆಯ ಮೇಲೆ ಸಿಟ್ಟು ಬಂತು.

"ಇಲ್ಲ ಮಾವ. ಹೆಚ್ಚಿ, ತೊಳೆದು ಇಟ್ಟು, ಮಿಂದು ಬ್ಯಾಂಕಿಗೆ ಹೋಗ್ತಾಳೆ. ಯಾರೂ ಹೇಳಿದ್ದಲ್ಲ. ನಾನು ಬೇಡ ಅಂತಲೇ ಹೇಳಿದೆ. ಅಮ್ಮ ಎಡಗೈಯಲ್ಲಿ ಕಷ್ಟಪಟ್ಟು ಹೆಚ್ಚುವುದನ್ನು ನೋಡ್ಲಿಕ್ಕೆ ಆಗೂದಿಲ್ಲ ಅಂದ್ಳು. ಶುರುವಿಗೆ ಮುಳ್ಳು ಚುಚ್ಚಿ ಬೆರಳೆಲ್ಲ ಬಾತುಕೊಳ್ತಿತ್ತು. ಈಗ ನಮ್ಮ ಕೇರಿಯವರಷ್ಟೇ ಬೇಗ ಮುಗಿಸ್ತಾಳೆ."

ಪಿಯುಸಿಯಲ್ಲಿ ಜಿರಲೆ ಕೊಯ್ಯಬೇಕಾಗುತ್ತದೆ ಎಂದು ಮಧುರಾ ಎರಡು ದಿನ ಅನ್ನ ಬಿಟ್ಟಿದ್ದಳು. ಮೇಷ್ಟರೇ ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರಿಗೆ ಹೇಳಿ ಸೈನ್ಸು ಬಿಡಿಸಿ ಕಾಮರ್ಸಿಗೆ ಹಾಕಿಸಿದರು. ಅದನ್ನು ಎಷ್ಟು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದರು, ನಮ್ಮ ಹುಡುಗಿಗೆ ಒಂದು ಹುಳ ಕಂಡರೂ ಜೀವ ಹೋಗುತ್ತೆ ಎಂದು. ಆ ಹುಡುಗಿ ಈಗ ದಿನಾ ಬೆಳಿಗ್ಗೆ ಕುಕ್ಕರುಗಾಲಿನಲ್ಲಿ ಕೂತು, ತಾನು ತಿನ್ನದ್ದನ್ನು, ಇನ್ನೊಬ್ಬರ ತಾಯಿಗೆ ಕೈ ಸ್ವಾಧೀನವಿಲ್ಲವೆಂದು ಹೆಚ್ಚುತ್ತಾಳೆ. ಅವಳು ಅದನ್ನು ಅಮ್ಮನಿಗೂ ಹೇಳಿರಲಿಕ್ಕಿಲ್ಲ. ಹೇಳುವುದಾದರೂ ಯಾರಿಗೆ, ಮಳೆ ಹೇಗಿದೆ ಎಂದು ಕೇಳುವ ಅಪ್ಪನಿಗೆ? ಮೇಷ್ಟರಿಗೆ ದುಃಖ ಬಂತು. ಅದು ಮಗಳಿಗೆ ಇಂಥ ಗತಿ ಬಂತಲ್ಲ ಎಂಬ ದುಃಖವಲ್ಲ, ಆ ದುಃಖವಾಗಿದ್ದರೆ ಅವರಿಗೆ ಅಭ್ಯಾಸವಿತ್ತು. ತಮ್ಮ ಮಗಳು ಇಷ್ಟು ದೊಡ್ಡವಳಾದದ್ದನ್ನು ತಾವು ನೋಡಲೇ ಇಲ್ಲವಲ್ಲ ಎಂಬುದಕ್ಕೆ.

"ಆ ಚಾಕು ಕೊಡಿ ಇಲ್ಲಿ" ಎಂದರು.

ಶಶಿಕುಮಾರ್ ಮುಖ ಸಣ್ಣದು ಮಾಡಿಕೊಂಡ. ಪೊಟ್ಟಣವನ್ನು ಅವರ ಕೈಗೆ ಕೊಡದೆ ಪಕ್ಕದ ಅಂಗಡಿಯ ಕಟ್ಟೆಯ ಮೇಲೆ ಇಟ್ಟ. ಮೇಷ್ಟರು ಅದನ್ನು ತೆಗೆದುಕೊಂಡು ಚೀಲದೊಳಗೆ ಹಾಕಿಕೊಂಡರು.

"ಇದನ್ನ ನಾನೇ ತಂದು ಕೊಡ್ತೀನಿ. ಮುಂದಿನ ವಾರ ದಸರಾ ರಜ ಶುರುವಾಗತ್ತೆ."

"ಬನ್ನಿ ಮಾವ" ಎಂದ. ಮತ್ತೆ ತಡೆದು, "ಮಧ್ಯಾಹ್ನದ ಮೇಲೆ ಬನ್ನಿ. ಬೆಳಿಗ್ಗೆ ಆದ್ರೆ ಅವಳು ಹಿತ್ತಿಲಲ್ಲಿ ಕೂತಿರ್ತಾಳೆ, ಕೈಯೆಲ್ಲ ಅದೇ ಆಗಿರ್ತದೆ. ನೀವು ನೋಡೂದು ಅವಳಿಗೆ ಬೇಜಾರು" ಎಂದ.

"ರಾತ್ರಿ ಬಸ್ಸು ಹಿಡಿದು ಬೆಳಿಗ್ಗೆನೇ ಬರ್ತೀನಪ್ಪ" ಎಂದರು ಮೇಷ್ಟರು. "ನೀನು ಅವಳಿಗೆ ಮೊದಲೇ ಹೇಳಿಟ್ಟಿರು. ಅಪ್ಪ ಬಂದ್ರು ಅಂತ ಎದ್ದು ಕೈ ತೊಳ್ಕೊಳ್ಳೋಕೆ ಹೋಗಬೇಡ ಅಂತ."